ಓಮ್ನಿಯ ಹೊಟ್ಟೆಗೆ ಕಬ್ಬಿಣದ ತಟ್ಟೆ

ಕೊಪ್ಪ, 18 ಮೇ 2025, ಭಾನುವಾರ

ಬೆಳಗ್ಗಿಂದ ಸಂಜೆವರೆಗೆ ಓಮ್ನಿ ಅಡಿಯಲ್ಲೇ ಅಂಗಾತ ಮಲಗಿದ್ದೆ. ತಲೆ ತೊಳೆದರೂ ಕೂದಲಿಂದ ಮಣ್ಣು ಉದುರುತ್ತಿದೆ.

ಹೋದ ವಾರ ತೋಟದ ಇಳಿಜಾರಿನಲ್ಲಿ ಒಂದು ಕಲ್ಲು ಆಯಿಲ್ ಸಂಪ್‌ಗೆ, ಅಂದರೆ ಎಂಜಿನ್ ಅಡಿಯ ಆಯಿಲ್ ತೊಟ್ಟಿಗೆ, ಬಡಿದು ಗುಳಿ ಬಿತ್ತು. ತೂತಾಗಲಿಲ್ಲ, ನಮ್ಮ ಪುಣ್ಯ. ಓಮ್ನಿಯಲ್ಲಿ ಎಂಜಿನ್ ಇರುವುದು ಮುಂದಿನ ಸೀಟಿನ ಕೆಳಗೆ. ನನ್ನ ಗಾಡಿಯಲ್ಲಿ ಅದಕ್ಕೆ ಅಡಿಯಿಂದ ಯಾವ ಮರೆಯೂ ಇರಲಿಲ್ಲ. ಮಳೆ ಹಿಡಿಯಿತು ಅಂದರೆ ನಮ್ಮ ದಾರಿಯ ಮಣ್ಣೆಲ್ಲ ಕೊಚ್ಚಿ ಹೋಗಿ ಬರೀ ಕಲ್ಲು ಉಳಿಯುತ್ತದೆ. 2019ರಲ್ಲೇ ಓಮ್ನಿ ತಯಾರಿ ನಿಂತಿದೆ, ಹೊಸದು ತರೋಣ ಅಂದರೂ ಇಲ್ಲ.

ಹಾಗಾಗಿ ಗಾರ್ಡ್, ಅಂದರೆ ಎಂಜಿನ್ ಅಡಿಗೆ ಕಟ್ಟುವ ತಟ್ಟೆ. 3 ಎಂಎಂ ದಪ್ಪದ ಎಂಎಸ್ (ಮೈಲ್ಡ್ ಸ್ಟೀಲ್) ಶೀಟು, ಎರಡೂವರೆ ಅಡಿಗೆ ಎರಡು ಅಡಿ. ತೂಕ ಹತ್ತಿರ ಹತ್ತಿರ 11 ಕೆಜಿ. ಅಲ್ಯುಮಿನಿಯಂ ಆಗಿದ್ದರೆ 4 ಕೆಜಿಯೊಳಗೆ ಮುಗಿಯುತ್ತಿತ್ತು, ಆದರೆ ಗ್ರಿಲ್ ಅಂಗಡಿಯಲ್ಲಿ ಇದ್ದದ್ದು ಇದೇ. ಚಾಸಿಗೆ ಹೊಸ ತೂತು ಹೊಡೆಯುವ ಮಾತೇ ಇಲ್ಲ, ಹೊಡೆದಲ್ಲೇ ತುಕ್ಕು ಶುರುವಾಗುತ್ತದೆ. ಅಡ್ಡಪಟ್ಟಿಗೆ ಯು ಕ್ಲ್ಯಾಂಪ್ ಹಾಕಿ ಕಟ್ಟುವುದು ಅಂತ ಲೆಕ್ಕ.

ಎಡವಟ್ಟು ಆದದ್ದು ರಟ್ಟಿನಲ್ಲಿ. ಅಡಿಗೆ ಮಲಗಿ, ರಟ್ಟನ್ನು ಮೇಲಕ್ಕೆ ಒತ್ತಿ ಹಿಡಿದು, ಹಳೇ ಆಯಿಲ್ ಹೊರಗೆ ಬಿಡಲು ಬಿಚ್ಚುವ ಬೋಲ್ಟ್ ಎಲ್ಲಿದೆ ಅಂತ ಗುರುತು ಹಾಕಿಕೊಂಡಿದ್ದೆ. ಅದನ್ನೇ ಗುರುತು ಮೇಲೆ ಕಾಣುವ ಹಾಗೆ ಶೀಟಿನ ಮೇಲಿಟ್ಟು ತೂತು ಕೊರೆಸಿ, ಮುಂದಿನ ಅಂಚನ್ನು ಮೇಲಕ್ಕೆ ಮಡಿಸಿಕೊಂಡು ಬಂದೆ. ಇವತ್ತು ಹಿಡಿದು ನೋಡಿದರೆ ಬೋಲ್ಟ್ ಒಂದು ಕಡೆ, ತೂತು ಇನ್ನೊಂದು ಕಡೆ!

ಅಪ್ಪಯ್ಯ ಜಗಲಿಯಿಂದಲೇ ಕೇಳಿದರು. "ಅಡಿಯಿಂದ ನೋಡಿ ಬರೆದದ್ದಲ್ವಾ? ಹಾಗಾದ್ರೆ ಮಗುಚಿ ಇಡ್ಬೇಕಿತ್ತು ಮಾರಾಯ."

ಶೀಟನ್ನೇ ಮಗುಚಿ ಹಾಕೋಣ ಅಂದರೆ ಮಡಿಸಿದ ಅಂಚು ಕೆಳಗೆ ಬಂದು ನೇಗಿಲಾಗುತ್ತದೆ. ನಾಲ್ಕು ಮೂಲೆಯ ತೂತುಗಳು ಎರಡೂ ಕಡೆ ಒಂದೇ ಅಳತೆಯವು, ಅವು ಬಚಾವ್. ಇನ್ನೊಂದು ತೂತು ಕೊರೆಸಲು ಅಪ್ಪಯ್ಯನ ಸ್ಕೂಟರಿನಲ್ಲಿ ಪೇಟೆಗೆ ಹೋದೆ. ಗ್ರಿಲ್ ಅಂಗಡಿಯವನು ಏನೂ ಕೇಳಲಿಲ್ಲ, ಸುಮ್ನೆ ನಕ್ಕ. ಹಳೇ ತೂತು ಹಾಗೇ ಇದೆ. ಗಾಳಿ ಆಡಲಿ, ನೀರು ಇಳಿಯಲಿ.

ಎರಡೂ ಮುಖಕ್ಕೆ ತುಕ್ಕು ಹಿಡಿಯದ ಹಾಗೆ ರೆಡ್ ಆಕ್ಸೈಡ್ ಬಣ್ಣ ಬಳಿದು ಒಣಗಿಸಿ, ಮಧ್ಯಾಹ್ನದ ಮೇಲೆ ಮತ್ತೆ ಅಡಿಗೆ ಹೋದೆ. ಗಾಡಿ ನಿಂತಿದ್ದದ್ದು ಸ್ಟ್ಯಾಂಡಿನ ಮೇಲೆ, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟಿದ್ದೆ. ಬರೀ ಜಾಕ್ ನಂಬಿ ನಾನು ಅಡಿಗೆ ಹೋಗುವವನಲ್ಲ. ಮಲಗಿಕೊಂಡು 11 ಕೆಜಿ ಒಂದು ಕೈಯಲ್ಲಿ ಎತ್ತಿ ಹಿಡಿದು ಇನ್ನೊಂದರಲ್ಲಿ ನಟ್ ಹಾಕುವುದು ಆಗುವ ಕೆಲಸ ಅಲ್ಲ. ಎರಡು ಸಲ ಎದೆ ಮೇಲೆ ಹಾಕಿಕೊಂಡ ಮೇಲೆ ಬುದ್ಧಿ ಬಂತು. ಖಾಲಿ ಬಿದ್ದಿದ್ದ ಜಾಕಿನ ಮೇಲೆ ಮರದ ತುಂಡಿಟ್ಟು, ಅದರ ಮೇಲೆ ಶೀಟಿಟ್ಟು, ನಿಧಾನಕ್ಕೆ ಏರಿಸಿದೆ. ಹತ್ತು ನಿಮಿಷದಲ್ಲಿ ನಟ್‌ಗಳೆಲ್ಲ ಕೂತವು.

ಸ್ಟಾರ್ಟ್ ಮಾಡಿದರೆ ಗಡಗಡ ಸದ್ದು. ಎಂಜಿನ್ ರಬ್ಬರ್ ಮೌಂಟಿನ ಮೇಲೆ ಕುಣಿಯುತ್ತದೆ ಅನ್ನುವುದು ಮರೆತು, ಶೀಟನ್ನು ಸಂಪ್‌ಗೆ ಅಂಟಿಸಿದ ಹಾಗೆ ಕಟ್ಟಿದ್ದೆ. ಪುನಃ ಬಿಚ್ಚಿ, ಮೂಲೆಗೆ ದಪ್ಪ ವಾಷರ್ ಪೇರಿಸಿ, ಎರಡು ಬೆರಳು ಹೋಗುವಷ್ಟು ಸಂದು ಬಿಟ್ಟೆ. ಸೈಲೆನ್ಸರ್ ಪೈಪಿನ ಹತ್ತಿರ ಇನ್ನೂ ಜಾಸ್ತಿ. ಸದ್ದು ನಿಂತಿತು.

ಕತ್ತಲಾಗುವ ಮೊದಲು ಗೇಟಿನವರೆಗೆ ಓಡಿಸಿದೆ. ಅದೇ ಇಳಿಜಾರಿನಲ್ಲಿ ಅಡಿಯಿಂದ ಠಣ್ ಅಂತು. ಇಳಿದು ಬಗ್ಗಿ ನೋಡಿದರೆ ರೆಡ್ ಆಕ್ಸೈಡ್ ಮೇಲೆ ಒಂದು ಗೀರು, ಅಷ್ಟೆ. ನಾಳೆ ಪೇಟೆಗೆ ಹೋಗಿ ಬಂದ ಮೇಲೆ ನಟ್ ಎಲ್ಲ ಇನ್ನೊಂದು ಸುತ್ತು ಬಿಗಿ ಮಾಡಬೇಕು. 12ರ ಸ್ಪ್ಯಾನರ್ ಮಾತ್ರ ಕಾಣ್ತಿಲ್ಲ. ಗಾರ್ಡಿನೊಳಗೇ ಬಿಟ್ಟಿದ್ದೀನಾ ಅಂತ ಅನುಮಾನ.