ಯಾರ್ಕ್‌ಟೌನಿನಲ್ಲಿ ಸೋತವನು ಆಮೇಲೆ ಏನಾದ?

ಶಾಲೆಯಲ್ಲಿ ವರ್ಜೀನಿಯಾದ ಇತಿಹಾಸ ಓದುತ್ತಿರುವ ಮಗಳ ಒತ್ತಾಯಕ್ಕೆ ಮಣಿದು ಕಳೆದ ತಿಂಗಳು ಎರಡು ದಿನ ಜೇಮ್ಸ್‌ಟೌನ್, ವಿಲಿಯಮ್ಸ್‌ಬರ್ಗ್ ಮತ್ತು ಯಾರ್ಕ್‌ಟೌನುಗಳನ್ನು ಸುತ್ತಿ ಬಂದೆವು. 1607ರಲ್ಲಿ ಇಂಗ್ಲಿಷರು ಬಂದು ನೆಲೆಯೂರಿದ ಜಾಗ, ಮುಂದೆ ಅವರ ವಸಾಹತಿನ ರಾಜಧಾನಿಯಾದ ಊರು, ಕೊನೆಗೆ 1781ರಲ್ಲಿ ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಅವರು ಸೋತು ಶಸ್ತ್ರ ಕೆಳಗಿಟ್ಟ ಮೈದಾನ, ಈ ಮೂರನ್ನೂ 23 ಮೈಲಿಯ ಒಂದೇ ರಸ್ತೆ ಪೋಣಿಸಿದೆ. ಕಾಡಿನ ನಡುವೆ, ನದಿಯ ಅಂಚಿನಲ್ಲಿ ಸಾಗುವ ಆ ರಸ್ತೆಯುದ್ದಕ್ಕೂ ಒಂದು ಜಾಹೀರಾತು ಫಲಕವೂ ಕಣ್ಣಿಗೆ ಬೀಳುವುದಿಲ್ಲ.

ವಿಲಿಯಮ್ಸ್‌ಬರ್ಗಿನ ಅಂದಕ್ಕೆ ನಾನು ಪೂರ್ತಿ ಮನಸೋತೆನೆಂದು ಹೇಳಲಾರೆ. ಗವರ್ನರರ ಅರಮನೆ 1781ರಲ್ಲೇ ಸುಟ್ಟುಹೋಗಿತ್ತು. ಈಗ ಕಾಣುವುದು ರಾಕ್‌ಫೆಲರ್ ಅವರ ಹಣದಿಂದ 1930ರ ದಶಕದಲ್ಲಿ ಹಳೆಯ ತಳಪಾಯದ ಮೇಲೆ ಎಬ್ಬಿಸಿದ ಕಟ್ಟಡ. ಹಳೆಯ ಕಾಲದ ಉಡುಪು ತೊಟ್ಟ ಕಮ್ಮಾರನೂ ಪೀಪಾಯಿ ಮಾಡುವವನೂ ನಗುನಗುತ್ತ ಮಾತನಾಡಿಸುತ್ತಾರೆ. ಹದಿನೆಂಟನೆಯ ಶತಮಾನದಲ್ಲಿ ಈ ಊರಿನ ಅರ್ಧಕ್ಕಿಂತ ಹೆಚ್ಚು ಜನ ಆಫ್ರಿಕಾ ಮೂಲದವರಾಗಿದ್ದರು, ಅವರಲ್ಲಿ ಬಹುಪಾಲು ಗುಲಾಮರಾಗಿದ್ದರು. ಅದನ್ನು ಇಂದು ಅಲ್ಲಿ ಯಾರೂ ಮುಚ್ಚಿಡುವುದಿಲ್ಲವಾದರೂ, ಸುಣ್ಣಬಣ್ಣ ಕಂಡ ಆ ಬೀದಿಯಲ್ಲಿ ಅದು ನೆನಪಿನಿಂದ ಬೇಗ ಜಾರಿಹೋಗುತ್ತದೆ.

ಯಾರ್ಕ್‌ಟೌನಿನ ಶರಣಾಗತಿಯ ಮೈದಾನದಲ್ಲಿ ಹಾಗೆ ಮರುಳುಮಾಡುವಂಥದ್ದು ಏನೂ ಇಲ್ಲ; ಹುಲ್ಲು, ಬೇಲಿ, ಕೆಲವು ಫಿರಂಗಿಗಳು, ಅಷ್ಟೇ. 1781ರ ಅಕ್ಟೋಬರ್ 19ರಂದು ಬ್ರಿಟಿಷ್ ಸೇನಾಪತಿ ಲಾರ್ಡ್ ಕಾರ್ನ್‌ವಾಲಿಸ್ ಮೈಗೆ ಹುಷಾರಿಲ್ಲವೆಂದು ಹೇಳಿ ಇಲ್ಲಿಗೆ ಬರಲೇ ಇಲ್ಲ. ಶರಣಾಗತಿ ಒಪ್ಪಿಸಲು ಅವನು ಕಳುಹಿಸಿದ್ದು ಕೈಕೆಳಗಿನ ಓಹಾರನನ್ನು. ಓಹಾರ ಮೊದಲು ಫ್ರೆಂಚ್ ದಳಪತಿಯತ್ತ ತಿರುಗಿದರೆ ಆತ ಅಮೆರಿಕನ್ನರ ಸೇನಾಪತಿ ವಾಷಿಂಗ್ಟನ್‌ರತ್ತ ಕೈ ತೋರಿಸಿದ. ವಾಷಿಂಗ್ಟನ್ ತಮ್ಮ ಕೈಕೆಳಗಿನ ದಳಪತಿಯತ್ತ ತೋರಿಸಿದರು.

“ಹೋಮ್‌ವರ್ಕ್ ಮಾಡದವರು ಹೊಟ್ಟೆನೋವು ಅಂತ ರಜ ಹಾಕ್ತಾರಲ್ಲ, ಹಾಗೆ!” ಎಂದು ಮಗಳು ನಕ್ಕಳು. ಆಮೇಲೆ ಕೇಳಿದಳು: “ಅಮ್ಮ, ಅವನು ಮುಂದೆ ಏನಾದ?”

“ನಮ್ಮೂರಿಗೆ ಬಂದ” ಎಂದೆ. 1786ರಲ್ಲಿ ಅವನು ಗವರ್ನರ್ ಜನರಲ್ ಆಗಿ ಕಲ್ಕತ್ತೆಗೆ ಬಂದು, ಐದು ವರ್ಷಗಳ ಬಳಿಕ ಬೆಂಗಳೂರಿನ ಕೋಟೆಯನ್ನು ಹಿಡಿದ ಕಥೆಯನ್ನು ಕೇಳಿದ ಮಗಳು ಸ್ವಲ್ಪ ಹೊತ್ತು ಯೋಚಿಸಿ, “ಇಲ್ಲಿ ಸೋತವನನ್ನು ಅಲ್ಲಿಗೆ ಯಾಕೆ ಕಳಿಸಿದರು? ನಮ್ಮ ಜನರನ್ನು ಸೋಲಿಸೋದು ಸುಲಭ ಅಂದುಕೊಂಡರಾ?” ಎಂದಳು.

ಆ ಮಾತು ಎಲ್ಲಿಗೆ ತಾಕಬೇಕೋ ಅಲ್ಲಿಗೇ ತಾಕಿತು. ಸುಲಭವಾಗಿರಲಿಲ್ಲ ಎಂದು ನಾನು ವಾದಕ್ಕೇ ನಿಂತೆ. 1791ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಬಾಗಿಲಿಗೆ ಬಂದ ಕಾರ್ನ್‌ವಾಲಿಸ್, ಸಾಮಗ್ರಿ ಹೊರುವ ಎತ್ತುಗಳು ಸತ್ತು, ದಂಡಿಗೆ ಅನ್ನವಿಲ್ಲದೆ, ತನ್ನ ದೊಡ್ಡ ಫಿರಂಗಿಗಳನ್ನು ತಾನೇ ಒಡೆಸಿಹಾಕಿ ಹಿಂದಿರುಗಬೇಕಾಯಿತು. ಆದರೆ ಮರುವರ್ಷ ನಿಜಾಮನ ಮತ್ತು ಮರಾಠರ ಪಡೆಗಳೊಂದಿಗೆ ಮತ್ತೆ ಬಂದ. ಯಾರ್ಕ್‌ಟೌನಿನಲ್ಲಿ ವಾಷಿಂಗ್ಟನ್‌ರಿಗೆ ಫ್ರೆಂಚರು ಒದಗಿ ಬಂದಂತೆ, ಅಲ್ಲಿ ಕಾರ್ನ್‌ವಾಲಿಸನಿಗೆ ನಮ್ಮ ನೆರೆಹೊರೆಯವರೇ ಒದಗಿ ಬಂದರು ಎಂಬುದನ್ನು ಮಗಳಿಗೆ ಹೇಳುವಾಗ ನನ್ನ ದನಿ ತಗ್ಗಿತ್ತು.

ಇದನ್ನೆಲ್ಲ ನಾನು ತಿಳಿದುಕೊಂಡದ್ದು ಇಲ್ಲಿಗೆ ಬಂದ ಮೇಲೆ. ಬೆಳೆದದ್ದು ಚಾಮರಾಜಪೇಟೆಯಲ್ಲಿ, ಕಾಲೇಜಿಗೆ ಹೋಗುತ್ತಿದ್ದ ಬಸ್ಸು ದಿನವೂ ಕೃಷ್ಣರಾಜೇಂದ್ರ ಮಾರುಕಟ್ಟೆಯ ಬಳಿ, ಉಳಿದಿರುವ ಕೋಟೆಯ ಆ ತುಣುಕಿನ ಪಕ್ಕದಲ್ಲೇ ನಿಲ್ಲುತ್ತಿತ್ತು. 1791ರ ಮಾರ್ಚ್ 21ರಂದು ಬ್ರಿಟಿಷರು ಗೋಡೆ ಒಡೆದು ನುಗ್ಗಿದ್ದು ಇಲ್ಲಿಂದಲೇ ಎಂದು ಸಾರುವ ಕಲ್ಲು ಅಲ್ಲಿದೆ. ಸೇವಂತಿಗೆಯ ರಾಶಿ, ಕಂಡಕ್ಟರನ ಕೂಗು, ಚಿಲ್ಲರೆಯ ಜಗಳ ಎಲ್ಲವೂ ನೆನಪಿವೆ. ಆ ಕಲ್ಲನ್ನು ಮಾತ್ರ ನಾನು ಒಂದು ದಿನವೂ ಬಸ್ಸಿನಿಂದಿಳಿದು ಓದಲಿಲ್ಲ. ಇಲ್ಲಿಯಾದರೋ ಒಂದೊಂದು ಮಣ್ಣಿನ ದಿಬ್ಬದ ಮುಂದೆಯೂ ನಿಂತು ಫಲಕದ ಕೊನೆಯ ಸಾಲಿನವರೆಗೆ ಓದುತ್ತೇನೆ. ತಪ್ಪನ್ನೆಲ್ಲ ಸರ್ಕಾರದ ಮೇಲೆ ಹೊರಿಸುವುದು ಸುಲಭ, ಆದರೆ ಬಸ್ಸಿನಿಂದ ಇಳಿಯಲು ಸರ್ಕಾರ ಬೇಡವೆನ್ನಲಿಲ್ಲ.

ಮಗಳಿಗೆ ಹೇಳಬೇಕೋ ಬೇಡವೋ ಎಂದು ತಡೆದುಕೊಂಡ ಭಾಗವೊಂದಿತ್ತು. ಕೊನೆಗೆ ಕಾರಿನ ಬಳಿಗೆ ನಡೆಯುತ್ತ ಅದನ್ನೂ ಹೇಳಿದೆ. 1792ರ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯವನ್ನೂ ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿಯನ್ನೂ ಕೊಡಬೇಕಾಯಿತು. ಅದು ಸಲ್ಲುವವರೆಗೆ ತನ್ನ ಇಬ್ಬರು ಗಂಡುಮಕ್ಕಳನ್ನು ಒತ್ತೆಯಿಟ್ಟ. ಯಾರ್ಕ್‌ಟೌನಿನಲ್ಲಿ ಮುಖ ತೋರಿಸದೆ ಉಳಿದಿದ್ದ ಅದೇ ಮನುಷ್ಯ, ಶ್ರೀರಂಗಪಟ್ಟಣದಲ್ಲಿ ತನ್ನ ಗುಡಾರದ ಮುಂದೆ ತಾನೇ ನಿಂತು ಆ ಹುಡುಗರನ್ನು ಬರಮಾಡಿಕೊಂಡ. ಇಂಗ್ಲೆಂಡಿನ ಚಿತ್ರಕಾರರು ಆ ದೃಶ್ಯವನ್ನು ಮತ್ತೆ ಮತ್ತೆ ಬರೆದರು.

“ಎಷ್ಟು ವರ್ಷದವರು?”

“ದೊಡ್ಡವನಿಗೆ ಸುಮಾರು ಹತ್ತು, ಚಿಕ್ಕವನಿಗೆ ಎಂಟು.”

ಅವಳಿಗೂ ಹತ್ತು. ಸೀಟ್ ಬೆಲ್ಟ್ ಹಾಕಿಕೊಂಡು ಬಹಳ ಹೊತ್ತು ಸುಮ್ಮನಿದ್ದಳು. ಗೆದ್ದವರು, ಸೋತವರು ಯಾರೂ ಅವಳಿಗೆ ಆಗ ಬೇಕಿರಲಿಲ್ಲ.

“ಮನೆಗೆ ವಾಪಸ್ ಬಂದರಾ?”

“ಬಂದರು, ಎರಡು ವರ್ಷಗಳಾದ ಮೇಲೆ. ಮದ್ರಾಸಿನಿಂದ ಕರೆತಂದು ದೇವನಹಳ್ಳಿಯಲ್ಲಿ ಅಪ್ಪನಿಗೆ ಒಪ್ಪಿಸಿದರು.”

“ದೇವನಹಳ್ಳಿ ಅಂದರೆ, ನಮ್ಮ ವಿಮಾನ ಇಳಿಯೋ ಜಾಗ? ತಾತ ನಮಗೋಸ್ಕರ ಕಾಯ್ತಾ ನಿಂತಿರ್ತಾರಲ್ಲ, ಅಲ್ಲೇನಾ?”

“ಹೂಂ” ಎಂದು ಕಾರು ಹೊರಡಿಸಿದೆ.