ಜೀವಕೋಶದ ಪೊರೆ ಬರೀ ಚೀಲ ತಾನೇ?

ಜೀವಕೋಶದ ಪೊರೆಯ ಬಗ್ಗೆ ಓದುತ್ತೇನೆ ಎಂದರೆ ಸಾಕು, ಎಲ್ಲ ಕಡೆ ಇದೇ ಪ್ರಶ್ನೆ: "ಅದು ಒಳಗಿರೋದನ್ನ ಹಿಡಿದಿಡೋ ಚೀಲ ಅಲ್ವಾ? ಇಮ್ಯೂನಿಟಿಗೂ ಅದಕ್ಕೂ ಏನು ಸಂಬಂಧ?"

ಚೀಲ ಹೌದು. ಕೊಬ್ಬಿನ ಎರಡು ಪದರ, ದಪ್ಪ ಸುಮಾರು 5 ನ್ಯಾನೋಮೀಟರ್. ಆದರೆ ಅದು ಗಟ್ಟಿಯಲ್ಲ. ಪ್ರೋಟೀನ್‌ಗಳು ಅದರಲ್ಲಿ ತೇಲಾಡುತ್ತವೆ ಎಂದು ಸಿಂಗರ್ ಮತ್ತು ನಿಕೋಲ್ಸನ್ ಎಂಬ ವಿಜ್ಞಾನಿಗಳು 1972ರಲ್ಲೇ ಹೇಳಿದ್ದರು. ರೋಗದ ವಿರುದ್ಧ ಹೋರಾಡುವ ಕೋಶಗಳಲ್ಲಿ ಯಾವ ಪ್ರೋಟೀನ್ ಯಾವುದರ ಪಕ್ಕ ಇದೆ ಅನ್ನುವುದೇ ದೊಡ್ಡ ವಿಷಯ.

ಇಂಥ ಹೋರಾಟದ ಕೋಶಗಳಲ್ಲಿ ಒಂದಾದ ಟಿ ಕೋಶವನ್ನೇ ತಗೊಳ್ಳಿ. ಇದೊಂದು ಬಗೆಯ ಬಿಳಿ ರಕ್ತಕಣ. ಬೇರೆ ಕೋಶಗಳನ್ನು ಮುಟ್ಟಿ ಮುಟ್ಟಿ ನೋಡುವುದೇ ಇದರ ಕೆಲಸ. ಮುಟ್ಟಿದ ಕೋಶ ತನ್ನ ಮೈಮೇಲೆ ವೈರಸ್ಸಿನ ತುಣುಕನ್ನು ತೋರಿಸುತ್ತಿದ್ದರೆ ಟಿ ಕೋಶದ ಪೊರೆಯಲ್ಲಿರುವ ಗ್ರಾಹಕ (ರಿಸೆಪ್ಟರ್) ಎಂಬ ಪ್ರೋಟೀನ್ ಅದನ್ನು ಹಿಡಿಯುತ್ತದೆ. ಹಿಡಿದದ್ದು ಒಳಗೆ ಗೊತ್ತಾಗುವುದು ಹೇಗೆ? ಪೊರೆಯ ಒಳಮಗ್ಗುಲಲ್ಲಿ ಎಲ್‌ಸಿಕೆ ಎಂಬ ಕಿಣ್ವ ಗ್ರಾಹಕಕ್ಕೆ ಫಾಸ್ಫೇಟ್ ಅಂಟಿಸುತ್ತದೆ. ಅದೇ "ಏಳು" ಎನ್ನುವ ಸಂಕೇತ. ಆದರೆ ಅಲ್ಲೇ ಸುತ್ತ ದಂಡಿಯಾಗಿ ಇರುವ ಸಿಡಿ45 ಎಂಬ ಇನ್ನೊಂದು ಪ್ರೋಟೀನ್ ಆ ಫಾಸ್ಫೇಟನ್ನು ಕಿತ್ತು ಹಾಕುತ್ತಿರುತ್ತದೆ. ಹಾಗಾಗಿ ಮಾಮೂಲಿ ಹೊತ್ತಿನಲ್ಲಿ ಏನೂ ಆಗುವುದಿಲ್ಲ.

ಗ್ರಾಹಕ ತುಣುಕನ್ನು ಹಿಡಿದಾಗ ಎರಡು ಕೋಶಗಳ ನಡುವಿನ ಸಂದು ಸುಮಾರು 15 ನ್ಯಾನೋಮೀಟರ್‌ಗೆ ಇಳಿಯುತ್ತದೆ. ಸಿಡಿ45ರ ಹೊರಗಿನ ಭಾಗ ಅದಕ್ಕಿಂತ ಎತ್ತರ. ರೈಲ್ವೆ ಅಂಡರ್‌ಪಾಸಿಗೆ ಎತ್ತರದ ಲಾರಿ ನುಗ್ಗಲಾರದ ಹಾಗೆ ಅದು ಆ ಜಾಗದಿಂದ ಆಚೆ ಉಳಿಯುತ್ತದೆ. ಕೀಳುವವರಿಲ್ಲ, ಅಂಟಿಸುವವರಷ್ಟೇ ಉಳಿದರು. ಕೋಶ ಎಚ್ಚರವಾಯಿತು!

ಡೇವಿಸ್ ಮತ್ತು ವಾನ್ ಡರ್ ಮರ್ವೆ ಎಂಬ ವಿಜ್ಞಾನಿಗಳ ಈ ವಾದವನ್ನು ಎಲ್ಲರೂ ಪೂರ್ತಿ ಒಪ್ಪಿಲ್ಲ. ಗ್ರಾಹಕವನ್ನು ಎಳೆಯುವ ಬಲವೇ ಮುಖ್ಯ ಅನ್ನುವವರೂ ಇದ್ದಾರೆ. ನನಗಂತೂ ಈ ವಾದವೇ ಹಿಡಿಸುತ್ತದೆ. ಕಾರಣ 2005ರ ಒಂದು ಪ್ರಯೋಗ. ತುಣುಕು ಹೊತ್ತ ಪ್ರೋಟೀನನ್ನು ಉದ್ದ ಮಾಡಿ ಸಂದನ್ನು ಅಗಲಿಸಿದರು. ಗ್ರಾಹಕ ಎಂದಿನಂತೆ ಹಿಡಿಯಿತು, ಸಂಕೇತ ಮಾತ್ರ ಕುಗ್ಗಿತು.

ಪೊರೆಯಲ್ಲಿ ಪ್ರೋಟೀನ್‌ಗಳು ಗುಂಪುಗೂಡುವುದು ಹೇಗೆ ಎಂಬ ಇನ್ನೊಂದು ಜಗಳವೂ ಇದೆ. ಕೊಲೆಸ್ಟರಾಲ್ ಸೇರಿ ಕಟ್ಟುವ, ತೆಪ್ಪದಂತೆ ತೇಲುವ ಪುಟ್ಟ ಗುಂಪುಗಳಿಗೆ 'ರಾಫ್ಟ್' ಎನ್ನುತ್ತಾರೆ. ಅವುಗಳ ಜಗಳ ಇನ್ನೂ ಮುಗಿದಿಲ್ಲ. ಅದರಲ್ಲಿ ಬೆಂಗಳೂರಿನ ಪಾಲೂ ಇದೆ. ಕೆಲವು ಪ್ರೋಟೀನ್‌ಗಳು ಸುಮ್ನೆ ತಾವಾಗಿಯೇ ಗುಂಪಾಗುವುದಿಲ್ಲ, ಪೊರೆಯ ಕೆಳಗಿನ ಆಕ್ಟಿನ್ ಎಂಬ ಪ್ರೋಟೀನಿನ ಎಳೆಗಳು ಅವನ್ನು ಒಟ್ಟು ಮಾಡುತ್ತವೆ ಎಂದು ತೋರಿಸಿದವರಲ್ಲಿ ಇಲ್ಲಿನ ಜೀವವಿಜ್ಞಾನ ಸಂಶೋಧನಾ ಕೇಂದ್ರ ಎನ್‌ಸಿಬಿಎಸ್‌ನಲ್ಲಿ ಕೆಲಸ ಮಾಡಿದ ಸತ್ಯಜಿತ್ ಮೇಯರ್ ಮತ್ತು ಭೌತವಿಜ್ಞಾನಿ ಮದನ್ ರಾವ್ ಮುಖ್ಯರು.

ಕೊಲೆಸ್ಟರಾಲ್ ಅಂದ ಕೂಡಲೇ ಎರಡನೇ ಪ್ರಶ್ನೆ ಬರುತ್ತದೆ: "ಹಾಗಾದ್ರೆ ತುಪ್ಪ ಜಾಸ್ತಿ ತಿಂದ್ರೆ ಒಳ್ಳೇದಾ?" ಇಲ್ಲ. 2016ರಲ್ಲಿ ಇಲಿಗಳ ಟಿ ಕೋಶದ ಪೊರೆಯಲ್ಲಿ ಕೊಲೆಸ್ಟರಾಲ್ ಹೆಚ್ಚಿಸಿದಾಗ ಅವು ಕ್ಯಾನ್ಸರ್ ಗೆಡ್ಡೆಯ ಮೇಲೆ ಜೋರಾಗಿ ಬಿದ್ದವು, ನಿಜ. ಆದರೆ ಅದು ಊಟದಿಂದ ಆದದ್ದಲ್ಲ. ಕೊಲೆಸ್ಟರಾಲನ್ನು ದಾಸ್ತಾನು ಮಾಡುವ ಕಿಣ್ವವನ್ನು ತಡೆದು ಮಾಡಿದ್ದು.