ಒಂದು ಕ್ಲಿಕ್ ಜಾಸ್ತಿ

11 ಜನವರಿ 2025, ಶನಿವಾರ
ಸಕಲೇಶಪುರ

ಮನೆಗೆ ಬಂದು ಇವತ್ತಿಗೆ ಐದು ದಿನ. ಸಂಕ್ರಾಂತಿಗೆ ರಜೆ ಹಾಕಿ ಬಂದಿದ್ದಾಳೆ ಅಂತ ಊರಿನವರು ಅಂದುಕೊಂಡಿದ್ದಾರೆ. ಅಪ್ಪ ಅಮ್ಮನಿಗೆ ಮಾತ್ರ ನಿಜ ಗೊತ್ತು. ಕಳೆದ ತಿಂಗಳಿಂದ ನಾನು ವಿಮಾನ ಹಾರಿಸುತ್ತಿಲ್ಲ. ವಿಚಾರಣೆ ಮುಗಿದಿದೆ. ಮುಂದಿನ ವಾರ ಸಿಮ್ಯುಲೇಟರ್‌ನಲ್ಲಿ ತರಬೇತಿ, ಅದಾದ ಮೇಲೆ ಮತ್ತೆ ಡ್ಯೂಟಿ. ಇಷ್ಟು ದಿನ ಬರೆಯಲು ಮನಸ್ಸಾಗಿರಲಿಲ್ಲ. ಇವತ್ತು ತೋಟದಲ್ಲಿ ಒಂದು ಚೀಲ ಹರಿಯಿತು, ಅದನ್ನು ನೋಡಿದ ಮೇಲೆ ಬರೆಯಲೇಬೇಕು ಅನ್ನಿಸಿತು.

ಮೊದಲು ಆ ದಿನದ ವಿಷಯ.

ಬೆಂಗಳೂರಿಗೆ ಇಳಿಯುತ್ತಿದ್ದೆವು. ವಿಮಾನ ನನ್ನ ಕೈಯಲ್ಲಿತ್ತು, ರೇಡಿಯೋ ಕ್ಯಾಪ್ಟನ್ ಕೈಯಲ್ಲಿ. ಆಟೋಪೈಲಟ್ ಹಾಕಿತ್ತು. ಅಷ್ಟರಲ್ಲಿ ಹಿಂದಿನಿಂದ ಕರೆಗಂಟೆ ಬಂತು. ವಯಸ್ಸಾದ ಪ್ರಯಾಣಿಕರೊಬ್ಬರಿಗೆ ಎದೆನೋವು. ಕ್ಯಾಪ್ಟನ್ ಫೋನ್ ಎತ್ತಿಕೊಂಡು ರೇಡಿಯೋವನ್ನೂ ನನಗೇ ಒಪ್ಪಿಸಿದರು. ಇದು ತಪ್ಪಲ್ಲ, ಹಾಗೇ ಮಾಡಬೇಕು. ಅದೇ ಹೊತ್ತಿಗೆ ನೆಲದಿಂದ ವಿಮಾನಗಳಿಗೆ ದಾರಿ ಹೇಳುವ ಕಂಟ್ರೋಲರ್ ಎರಡು ಮಾತು ಒಟ್ಟಿಗೆ ಹೇಳಿದರು: 11,000 ಅಡಿಗೆ ಇಳಿಯಿರಿ, ರನ್‌ವೇ ಬದಲಾಗಿದೆ. ನಾನು ಎರಡನ್ನೂ ಸರಿಯಾಗಿಯೇ ತಿರುಗಿ ಹೇಳಿದೆ. ರೆಕಾರ್ಡಿಂಗ್‌ನಲ್ಲಿ ನನ್ನ ದನಿ ಸ್ಪಷ್ಟವಾಗಿದೆ. 11,000.

ನಾವು ಹಾರಿಸುವ ಎ320 ವಿಮಾನದಲ್ಲಿ ಎದುರಿನ ಗಾಜಿನ ಕೆಳಗೆ ಸಾಲಾಗಿ ನಾಬ್‌ಗಳಿವೆ. ಎತ್ತರದ ನಾಬನ್ನು ಸಾವಿರಕ್ಕೆ ಇಟ್ಟು ತಿರುಗಿಸಿದರೆ ಒಂದು ಕ್ಲಿಕ್‌ಗೆ ಸಾವಿರ ಅಡಿ. ಟಕ್ ಟಕ್ ಅಂತ ಬೆರಳಿಗೇ ಗೊತ್ತಾಗುತ್ತದೆ. ಬಲಗೈಯಲ್ಲಿ ಹೊಸ ರನ್‌ವೇ ಬರೆದುಕೊಳ್ಳುತ್ತಾ, ಎಡಗೈಯಲ್ಲಿ ನಾಬ್ ತಿರುಗಿಸಿದೆ. ಒಂದು ಕ್ಲಿಕ್ ಜಾಸ್ತಿ ಆಯಿತು. ನಾಬ್‌ನ ಮೇಲೆ ಅಂಕಿ ತೋರಿಸುವ ಪುಟ್ಟ ಕಿಟಕಿಯಲ್ಲಿ 10,000 ಬಂತು.

ಹೀಗೆ ಆಗುತ್ತದೆ ಅಂತ ಗೊತ್ತಿದ್ದೇ ಒಂದು ಪದ್ಧತಿ ಇಟ್ಟಿದ್ದಾರೆ. ಒಬ್ಬರು ಎತ್ತರ ಇಟ್ಟರೆ ಇನ್ನೊಬ್ಬರು ಅದನ್ನು ಕಣ್ಣಾರೆ ನೋಡಿ ಬಾಯಿಬಿಟ್ಟು ಹೇಳಬೇಕು. ಕ್ಯಾಪ್ಟನ್ ಫೋನ್ ಇಟ್ಟ ಕೂಡಲೇ ನಾನು ಹೇಳಬೇಕಿದ್ದ ಮೊದಲ ಮಾತು ಅದೇ. ಆದರೆ ಅವರು ತಿರುಗಿ, ‘ಅವರಿಗೆ ಆಮ್ಲಜನಕ ಕೊಡ್ತಿದ್ದಾರೆ’ ಅಂದರು. ‘ಆಂಬುಲೆನ್ಸ್ ಕೇಳೋಣ ಅಲ್ವಾ ಸರ್?’ ಅಂದೆ ನಾನು. ನಮ್ಮಿಬ್ಬರ ತಲೆಯೂ ಹದಿನಾಲ್ಕನೇ ಸಾಲಿನಲ್ಲಿದ್ದ ಆ ಹಿರಿಯರ ಕಡೆ ಹೋಯಿತು. ವಿಮಾನ ಮಾತ್ರ ತನಗೆ ಹೇಳಿದಂತೆ ನಿಮಿಷಕ್ಕೆ 1,500 ಅಡಿ ಇಳಿಯುತ್ತಲೇ ಇತ್ತು.

‘ನಿಮ್ಮ ಲೆವೆಲ್ ಕನ್ಫರ್ಮ್ ಮಾಡಿ’ ಅಂತ ಕಂಟ್ರೋಲರ್ ಕೇಳಿದಾಗ ನೋಡಿದರೆ 10,600.

ನಾನು ತಕ್ಷಣ ಇಳಿಯುವುದನ್ನು ನಿಲ್ಲಿಸಿ ಮೇಲಕ್ಕೆ ಎತ್ತಿದೆ. ಹತ್ತಿರದಲ್ಲಿ ಬೇರೆ ವಿಮಾನ ಇರಲಿಲ್ಲ. ಆ ಹಿರಿಯರು ಚೇತರಿಸಿಕೊಂಡರು ಅಂತ ಮರುದಿನ ತಿಳಿಯಿತು. ಹಿಂದೆ ಕೂತವರಿಗೆ ಯಾರಿಗೂ ಏನೂ ಗೊತ್ತಾಗಲಿಲ್ಲ. ಇಳಿದ ಮೇಲೆ ನಾವಿಬ್ಬರೂ ಕೂತು ವರದಿ ಬರೆದೆವು. ಕೊಟ್ಟ ಎತ್ತರಕ್ಕಿಂತ 300 ಅಡಿ ಆಚೀಚೆ ಆದರೇ ಅದು ಲೆಕ್ಕಕ್ಕೆ ಬರುತ್ತದೆ. ನಮ್ಮದು 400. ಆ ವೇಗದಲ್ಲಿ 400 ಅಡಿಗೆ ಬೇಕಾದದ್ದು 16 ಸೆಕೆಂಡ್.

‘ನಾನೂರು ಅಡಿ ಅಂದ್ರೆ ಎಷ್ಟು ಪುಟ್ಟಿ? ನಮ್ಮ ಮನೆಯಿಂದ ಹಳ್ಳದವರೆಗೂ ಬರಲ್ಲ’ ಅಂದರು ಅಪ್ಪ. ಸಮಾಧಾನ ಮಾಡಲು ಹೇಳಿದ್ದು, ಗೊತ್ತು. ಆದರೆ ಆ ಲೆಕ್ಕ ನನ್ನ ತಲೆಯಲ್ಲಿ ಬೇರೆ ಥರ ಓಡುತ್ತದೆ. 1996ರ ನವೆಂಬರ್ 12, ನಾನು ಹುಟ್ಟಿದ ವರ್ಷ. ದೆಹಲಿಯಿಂದ ಹೊರಟಿದ್ದ ಸೌದಿ ವಿಮಾನಕ್ಕೆ 14,000 ಅಡಿ ಕೊಟ್ಟಿದ್ದರು. ದೆಹಲಿಗೆ ಬರುತ್ತಿದ್ದ ಕಜಕಸ್ತಾನದ ವಿಮಾನಕ್ಕೆ 15,000. ನಡುವೆ ಸಾವಿರ ಅಡಿ. ಕಜಕ್ ವಿಮಾನ ತನ್ನ ಎತ್ತರ ಬಿಟ್ಟು ಕೆಳಗೆ ಬಂತು. ಹರಿಯಾಣದ ಚರ್ಖಿ ದಾದ್ರಿಯ ಹೊಲಗಳ ಮೇಲೆ 349 ಜನ ಹೋದರು. ಒಬ್ಬರೂ ಉಳಿಯಲಿಲ್ಲ. ಎದುರಿನ ವಿಮಾನ ಹತ್ತಿರ ಬಂದರೆ ಕೂಗಿ ಎಚ್ಚರಿಸುವ ಯಂತ್ರ ನಮ್ಮ ದೇಶದಲ್ಲಿ ಕಡ್ಡಾಯ ಆದದ್ದು ಆಮೇಲೆ. ಆ ಸಾವಿರ ಅಡಿ ಅಂದರೆ ನನ್ನ ನಾಬ್‌ನಲ್ಲಿ ಒಂದೇ ಕ್ಲಿಕ್.

ಈ ಒಂದು ತಿಂಗಳಲ್ಲಿ ಇನ್ನೊಂದು ಹಳೆಯ ಅಪಘಾತವನ್ನು ಮತ್ತೆ ಮತ್ತೆ ಓದಿದೆ. 1972ರ ಡಿಸೆಂಬರ್ 29ರ ರಾತ್ರಿ, ಅಮೆರಿಕದ ಮಯಾಮಿ. ಈಸ್ಟರ್ನ್ ಏರ್‌ಲೈನ್ಸ್ 401. ಇಳಿಯಲು ಚಕ್ರ ಬಿಟ್ಟಾಗ ಮುಂದಿನ ಚಕ್ರದ ಹಸಿರು ದೀಪ ಹತ್ತಲಿಲ್ಲ. 2,000 ಅಡಿಗೆ ಏರಿ, ಆಟೋಪೈಲಟ್ ಹಾಕಿ, ದೀಪ ನೋಡಲು ಶುರು ಮಾಡಿದರು. ಕ್ಯಾಪ್ಟನ್ ಅದೇ ನೋಡಿದರು, ಕೋ-ಪೈಲಟ್ ಅದೇ ನೋಡಿದರು, ಫ್ಲೈಟ್ ಎಂಜಿನಿಯರ್ ಚಕ್ರ ಇಳಿದಿದೆಯಾ ಅಂತ ನೋಡಲು ನೆಲದ ಕೆಳಗಿನ ಗೂಡಿಗೆ ಇಳಿದರು. ಈ ಗಡಿಬಿಡಿಯಲ್ಲಿ ಯಾರದೋ ಕೈಯೋ ಮೈಯೋ ಸ್ಟಿಯರಿಂಗ್‌ಗೆ ತಾಗಿ, ಎತ್ತರ ಹಿಡಿದಿಡುವ ವ್ಯವಸ್ಥೆ ಬಿಟ್ಟುಹೋಯಿತು. ವಿಮಾನ ಮೆಲ್ಲಗೆ ಇಳಿಯತೊಡಗಿತು. 250 ಅಡಿ ಇಳಿದಾಗ ಎಚ್ಚರಿಕೆಯ ಸದ್ದು ಬಂತು. ಅದು ರೆಕಾರ್ಡಿಂಗ್‌ನಲ್ಲಿದೆ. ಆದರೆ ಒಳಗಿದ್ದ ಯಾರೂ ಅದರ ಬಗ್ಗೆ ಮಾತಾಡಲಿಲ್ಲ. ಹೊರಗೆ ಎವರ್‌ಗ್ಲೇಡ್ಸ್ ಜೌಗು, ಒಂದು ದೀಪವೂ ಇಲ್ಲದ ಕತ್ತಲೆ. ವಿಮಾನದಲ್ಲಿದ್ದ 176 ಜನರಲ್ಲಿ 101 ಜನ ಸತ್ತರು. ಚಕ್ರ ಸರಿಯಾಗಿಯೇ ಇಳಿದಿತ್ತು. ಬಲ್ಬ್ ಹೋಗಿತ್ತು, ಅಷ್ಟೇ.

ಅಲ್ಲಿ ಯಂತ್ರ ಕೂಗಿತು, ಯಾರಿಗೂ ಕೇಳಿಸಲಿಲ್ಲ. ನಮ್ಮ ವಿಮಾನದಲ್ಲಿ ಯಂತ್ರ ಕೂಗಲೇ ಇಲ್ಲ. ಯಾಕೆ ಕೂಗುತ್ತದೆ? ಅದಕ್ಕೆ ನಾನು ಹೇಳಿದ್ದೇ 10,000. ಅದರ ಪ್ರಕಾರ ಎಲ್ಲ ಸರಿಯಾಗಿಯೇ ನಡೆಯುತ್ತಿತ್ತು. ಇದನ್ನು ನೆನೆದರೆ ನನಗೆ ಈಗಲೂ ಕೈ ತಣ್ಣಗಾಗುತ್ತದೆ.

ತರಬೇತಿಯಲ್ಲಿ ನಮಗೆ ಒಂದು ನಿಯಮ ಉರು ಹೊಡೆಸುತ್ತಾರೆ. 10,000 ಅಡಿಗಿಂತ ಕೆಳಗೆ ಕಾಕ್‌ಪಿಟ್‌ನಲ್ಲಿ ಹಾರಾಟಕ್ಕೆ ಸಂಬಂಧವಿಲ್ಲದ ಮಾತು ಕೂಡದು. ಅಮೆರಿಕದಲ್ಲಿ 1981ರಲ್ಲಿ ತಂದದ್ದು. ಒಳ್ಳೆಯ ನಿಯಮ, ಎಷ್ಟೋ ಜೀವ ಉಳಿಸಿದೆ. ಆದರೆ ಗಮನ ಹಾಳು ಮಾಡುವುದು ಹರಟೆ ಮಾತ್ರ ಅಂತ ನಾನು ಇಷ್ಟು ವರ್ಷ ನಂಬಿಕೊಂಡಿದ್ದೆ. ನಾವು ಅವತ್ತು ಹರಟೆ ಹೊಡೆಯಲಿಲ್ಲ. ಒಬ್ಬ ಮನುಷ್ಯನ ಜೀವದ ಬಗ್ಗೆ ಮಾತಾಡುತ್ತಿದ್ದೆವು. ಮಯಾಮಿಯವರೂ ಅಷ್ಟೇ, ಚಕ್ರದ ಚಿಂತೆಯಲ್ಲಿದ್ದರು. ಗಮನವನ್ನು ಕದ್ದುಕೊಂಡು ಹೋಗುವುದು ಕೆಲಸವೇ. ಅದೂ ಮಾಡಲೇಬೇಕಾದ ಕೆಲಸ. ಹರಟೆಯಾದರೆ ಮನಸ್ಸಿಗೆ ಚುಚ್ಚುತ್ತದೆ, ಸಾಕು ಅನ್ನಿಸುತ್ತದೆ. ಕೆಲಸ ಚುಚ್ಚುವುದಿಲ್ಲ.

ಈಗ ಚೀಲದ ವಿಷಯಕ್ಕೆ ಬರುತ್ತೇನೆ.

ರೊಬಸ್ಟಾ ಕುಯ್ಲು ಶುರುವಾಗಿದೆ. ನಮ್ಮದೇನು ದೊಡ್ಡ ಎಸ್ಟೇಟ್ ಅಲ್ಲ, ಆರು ಎಕರೆ ತೋಟ. ಆದರೆ ಈ ಕಡೆ ಆನೆ ಕಾಟ ಹೇಗಿದೆ ಅಂತ ಓದುವ ನಿಮಗೂ ಗೊತ್ತಿರುತ್ತದೆ. ಕಾಫಿ ಗಿಡದ ನಡುವೆ ಹತ್ತು ಮಾರು ದೂರದಲ್ಲಿ ಆನೆ ನಿಂತಿದ್ದರೂ ಕಾಣುವುದಿಲ್ಲ. ಅರಣ್ಯ ಇಲಾಖೆಯ ಆನೆ ಕಾರ್ಯಪಡೆಯವರು ಹಿಂಡು ಎಲ್ಲಿದೆ ಅಂತ ವಾಟ್ಸಾಪ್‌ನಲ್ಲಿ ತಿಳಿಸುತ್ತಾರೆ. ಇವತ್ತು ಬೆಳಿಗ್ಗೆ ಅಪ್ಪನ ಫೋನಿಗೂ ಬಂದಿತ್ತು. ಹಿಂಡು ಪಕ್ಕದ ಊರಿನ ಕಡೆ ಇತ್ತು. ಆದರೂ ಕುಯ್ಲಿಗೆ ಹೋದಾಗ ಒಬ್ಬರನ್ನು ಬರೀ ಕಾವಲಿಗೆ ನಿಲ್ಲಿಸುತ್ತೇವೆ. ನಮ್ಮಲ್ಲಿ ಆ ಕೆಲಸ ಅಜ್ಜನದು. ನಾನು ಸಣ್ಣವಳಿದ್ದಾಗ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಇದೇ ತೋಟ ಸುತ್ತಿಸಿದವರು. ತೋಟದ ಮೇಲ್ಗಡೆ ಬಂಡೆಯ ಹತ್ತಿರ ನಿಲ್ಲುತ್ತಾರೆ. ಒಂದು ಕೋಲು, ಜೇಬಿನಲ್ಲಿ ಪಟಾಕಿ. ಕೂರುವುದಿಲ್ಲ.

ಹನ್ನೊಂದು ಗಂಟೆ ಇರಬೇಕು. ಇಳಿಜಾರಿನಲ್ಲಿ ಒಬ್ಬಾಕೆ ತುಂಬಿದ ಗೋಣಿಚೀಲ ಎಳೆಯುವಾಗ ಅದು ಹರಿದು, ಹಣ್ಣೆಲ್ಲ ದಬದಬ ಉರುಳಿತು. ಪಾಪ, ಬೆಳಿಗ್ಗೆಯಿಂದ ಕುಯ್ದದ್ದು. ಆಕೆ ಅಯ್ಯೋ ಅಂದಳು. ಎಲ್ಲರೂ ಓಡಿದರು. ನಾನೂ ಓಡಿ, ಮೊಣಕಾಲೂರಿ ದರಗಿನ ನಡುವಿನಿಂದ ಹಣ್ಣು ಬಾಚತೊಡಗಿದೆ. ಕೈತುಂಬ ಕೆಂಪು ಹಣ್ಣು, ಅಂಟು, ಇರುವೆ. ಎಷ್ಟೋ ಹೊತ್ತಾದ ಮೇಲೆ ಸುಮ್ನೆ ತಲೆ ಎತ್ತಿ ನೋಡಿದೆ.

ಅಜ್ಜ ನಮ್ಮ ಕಡೆ ಬೆನ್ನು ಹಾಕಿ ನಿಂತಿದ್ದರು. ಅಷ್ಟು ಗದ್ದಲ ಆದರೂ ತಿರುಗಿರಲಿಲ್ಲ. ಕೆಳಗಿನ ಹಳ್ಳದ ಕಡೆ, ಬೈನೆ ಮರಗಳಿರುವ ಕಡೆ ನೋಡುತ್ತಿದ್ದರು. ಆನೆ ಮೊದಲು ಬರುವುದೇ ಆ ಮರಕ್ಕೆ.

ಊಟದ ಹೊತ್ತಿಗೆ ಅವರ ಹತ್ತಿರ ಹೋದೆ. ‘ಅಜ್ಜ, ಚೀಲ ಹರಿದದ್ದು ಗೊತ್ತಾಗಲಿಲ್ವಾ?’

‘ಕೇಳಿಸ್ತಲ್ಲವ್ವ. ಅಷ್ಟು ಜನ ಇದ್ರಲ್ಲ ನೀವು.’

‘ಆಕೆಗೇ ಪೆಟ್ಟಾಗಿದ್ದಿದ್ರೆ?’

ಸ್ವಲ್ಪ ಯೋಚಿಸಿದರು. ‘ಆಗ ನಿನ್ನನ್ನ ಕರ್ದು ಇಲ್ಲಿ ನಿಲ್ಸಿ ಹೋಗ್ತಿದ್ದೆ’ ಅಂದರು.

ನಾನು ಏನೂ ಹೇಳಲಿಲ್ಲ. ನಮ್ಮ ಪುಸ್ತಕದಲ್ಲೂ ಇದೇ ಇದೆ. ಪರೀಕ್ಷೆಯಲ್ಲಿ ಇದನ್ನೇ ಬರೆದು ಪಾಸಾಗಿದ್ದೇನೆ.

ಊಟ ಆದ ಮೇಲೆ ಅವರ ಜೊತೆ ಬಂಡೆಯ ಹತ್ತಿರವೇ ನಿಂತೆ. ಅರ್ಧ ಗಂಟೆ ನೋಡೋಣ ಅಂತ. ಐದು ನಿಮಿಷ ಹಳ್ಳದ ಕಡೆ ನೋಡಿದೆ. ಫೋನ್ ಗುಂಯ್ ಅಂತು. ಕೈ ಜೇಬಿಗೆ ಹೋದದ್ದು ನನಗೆ ಗೊತ್ತೇ ಆಗಲಿಲ್ಲ, ಫೋನ್ ಹೊರಗೆ ಬಂದ ಮೇಲೆ ಗೊತ್ತಾಯಿತು. ಅಜ್ಜ ಮಾತಾಡದೆ ಕೈ ಚಾಚಿದರು. ಕೊಟ್ಟೆ. ಪಟಾಕಿ ಇದ್ದ ಜೇಬಿಗೆ ಹಾಕಿಕೊಂಡರು.

ಸಂಜೆ ಹಣ್ಣು ತೂಕಕ್ಕೆ ಹಾಕುವಾಗ ವಾಪಸ್ ಕೊಟ್ಟರು. ಹದಿನೇಳು ಮೆಸೇಜ್ ಬಂದಿದ್ದವು. ಅದರಲ್ಲಿ ಒಂದು ಸಿಮ್ಯುಲೇಟರ್‌ನದು. ಗುರುವಾರ, ಬೆಳಿಗ್ಗೆ ಆರು ಗಂಟೆಗೆ.